ಅತ್ತೆಯ ಉಪ್ಪಿನಕಾಯಿ ಅಲ್ಲ, ನಾನು

ತಡೆಯಿರಿ, ಹೆಬ್ಬೆರಳನ್ನು ಸ್ವಲ್ಪ ಹೊತ್ತು ಅಲ್ಲೇ ನಿಲ್ಲಿಸಿ. ಮುಂದಿನ ವಿಡಿಯೊ ಎಲ್ಲೂ ಓಡಿಹೋಗುವುದಿಲ್ಲ. ನನ್ನ ಸೋದರಮಾವನಿಗೆ ಲಕ್ವ ಹೊಡೆದದ್ದು ಅತ್ತೆಯ ಉಪ್ಪಿನಕಾಯಿಯಿಂದಲ್ಲ. ಅವನ ಬಿಪಿ ಮಾತ್ರೆ ನಿಲ್ಲಿಸಿದವಳು ನಾನು. ನಿಲ್ಲಿಸಿ, ಮೂರು ವರ್ಷ ಬಾಯಿ ಮುಚ್ಚಿಕೊಂಡವಳೂ ನಾನೇ.

ಆರೋಗ್ಯದ ಬಗ್ಗೆ ನಾನು ಹಾಕುವ ಪೋಸ್ಟ್‌ಗಳನ್ನು ಹಂಚಿಕೊಳ್ಳುತ್ತೀರಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನಾನು ಓದಿದ್ದು ಬಿಕಾಂ. ವೈದ್ಯಕೀಯ ಕಲಿತದ್ದು ಫೋನಿನಲ್ಲಿ — ಕಲಿತೆ ಅಂದುಕೊಂಡದ್ದು.

ಮಾವ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ನಿಂತು ಗಿರಾಕಿ ಕರೆಯುವವನು. 'ಬನ್ನಿ ಅಕ್ಕಾ, ವಾಂಗಮ್ಮಾ, ಆಯಿಯೇ ಆಪಾ' — ಒಂದೇ ಉಸಿರಿನಲ್ಲಿ ಮೂರು ಭಾಷೆ. ಮುಖ ನೋಡಿಯೇ ಯಾರಿಗೆ ಯಾವ ಭಾಷೆ ಅಂತ ಹೇಳಿಬಿಡುತ್ತಿದ್ದ. ಚಿಕ್ಕವಳಿದ್ದಾಗ ಅಂಗಡಿಗೆ ಹೋದರೆ ನನಗೂ ಪಾಠ: "ಗಿರಾಕಿ 'ಸಾಕು' ಅಂದ್ರೆ ಸಾಕು ಅಂತ ಅಲ್ಲಮ್ಮ. 'ಇನ್ನೊಂದು ತೋರ್ಸು' ಅಂತ ಅರ್ಥ. ನಮ್ ಬಾಯಲ್ಲಿ ಮಾತ್ರ ಆ ಮಾತು ಬರ್ಬಾರ್ದು."

ಬಿಪಿ ನೋಡುವ ಮೆಷಿನ್ ಕೊಂಡ ಹೊಸದರಲ್ಲಿ ನನಗೆ ಸಿಕ್ಕವರ ತೋಳೆಲ್ಲ ನನ್ನದೇ. ಭಾನುವಾರ ಹಲಸೂರಿನ ಅವರ ಮನೆಗೆ ಹೋಗಿ ಮಾವನಿಗೆ ಪಟ್ಟಿ ಸುತ್ತುತ್ತಿದ್ದೆ. ಪ್ರತಿ ಸಲವೂ ನಾರ್ಮಲ್.

"ನೋಡು ಮಾವ, ಎಷ್ಟ್ ಚೆನ್ನಾಗಿದೆ! ಮತ್ಯಾಕೆ ಮಾತ್ರೆ ನುಂಗ್ತೀಯ? ಕಿಡ್ನಿ ಹೋಗತ್ತೆ. ಸಾಕು ಬಿಡು. ಬೆಳಿಗ್ಗೆ ಬೆಳ್ಳುಳ್ಳಿ, ನುಗ್ಗೆಸೊಪ್ಪಿನ ರಸ, ಅಷ್ಟೇ."

"ಏನ್ ಡಾಕ್ಟರಮ್ಮ, ಗ್ಯಾರಂಟಿ ಕೊಡ್ತೀಯಾ?"

"ಲೈಫ್‌ಟೈಮ್ ಗ್ಯಾರಂಟಿ!"

ನಕ್ಕ. ಆಮೇಲೆ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದ. "ನಿಮ್ ಅತ್ತೆಗೆ ಹೇಳ್ಬೇಡ. ಸೌಟು ತಗೋತಾಳೆ."

ಮಾತ್ರೆ ನುಂಗುತ್ತಿದ್ದುದರಿಂದಲೇ ಬಿಪಿ ನಾರ್ಮಲ್ ಇತ್ತು. ಕೊಡೆ ಕೆಳಗಿದ್ದು ನೆನೆಯಲಿಲ್ಲ ಅಂತ ಕೊಡೆಯನ್ನೇ ಎಸೆದ ಹಾಗೆ. ಇದು ತಿಳಿಯಲು ಡಾಕ್ಟರ್ ಆಗಬೇಕಿಲ್ಲ. ಆದರೆ ನನಗೆ ತಿಳಿಯುವುದಕ್ಕಿಂತ ಹೇಳುವ ಆತುರ.

ಅತ್ತೆ ದಿನಾ ಕಾಫಿ ಜೊತೆ ಮಾತ್ರೆ ಕೊಡುತ್ತಿದ್ದಳು. ಮಾವ ಅದನ್ನು ಜೇಬಿಗಿಳಿಸಿ ದಾರಿಯಲ್ಲಿ ಎಸೆಯುತ್ತಿದ್ದ. ನನಗೆ ಗೊತ್ತಿತ್ತು. ಇಬ್ಬರೂ ನಗುತ್ತಿದ್ದೆವು. ಮೆಷಿನ್ನಿನ ಹುಚ್ಚು ಇಳಿದಮೇಲೆ ಮತ್ತೆ ಪಟ್ಟಿ ಸುತ್ತಿ ನೋಡಲೂ ಇಲ್ಲ ನಾನು.

ಒಂದು ಬೆಳಿಗ್ಗೆ ಮಾವನ ಬಲಗೈಯಿಂದ ಕಾಫಿ ಲೋಟ ಜಾರಿತು. ಬಾಯಿ ಒಂದು ಕಡೆ ಎಳೆದಿತ್ತು. ಮಾತು ತೊದಲಿತು. ಪಕ್ಕದ ಮನೆಯಾಕೆ "ವಾಯು ಇರ್ಬೇಕು, ಸೋಡಾ ಕುಡಿಸ್ರೀ" ಅಂದರು. ಪಾರ್ಶ್ವವಾಯು ಎಂಬ ಹೆಸರಲ್ಲಿ ವಾಯು ಇದೆ ಅಂತ ಅದನ್ನು ಹೊಟ್ಟೆಯ ಗ್ಯಾಸು ಅಂದುಕೊಳ್ಳುವ ನಮ್ಮ ಜನಕ್ಕೆ ಏನು ಹೇಳಲಿ! ಅತ್ತೆ ಮಾತ್ರ ಕೇಳಲಿಲ್ಲ. "ಮೂತಿ ಸೊಟ್ಟಗಾಗೈತೆ, ಕೈ ಎತ್ತಾಕಾಗ್ತಿಲ್ಲ, ಸೋಡಾ ಅಂತೀಯಲ್ಲ! ಆಟೋ ಕರಿಯೇ!" ಅಂತ ಕಿರುಚಿದಳು. ಅವನ ಜೀವ ಉಳಿಸಿದ್ದು ಆ ಕಿರುಚಾಟ.

ಸುದ್ದಿ ಕೇಳಿ ನಾನೂ ಓಡಿದೆ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು, "ಬಿಪಿ ಮಾತ್ರೆ ಸರಿಯಾಗಿ ತಗೋತಿದ್ರಾ?"

"ದಿನಾ ನಾನೇ ಕೊಡೋದು ಮೇಡಂ, ಒಂದಿನಾನೂ ತಪ್ಸಿಲ್ಲ," ಅಂದಳು ಅತ್ತೆ.

ಅವರು ನನ್ನ ಕಡೆಯೂ ನೋಡಿದರು. ನಾನು — ಹೌದು ಅಂತ ತಲೆಯಾಡಿಸಿದೆ.

ಅಷ್ಟೇ. ಒಂದು ಮಾತೂ ಆಡದೆ ಹೇಳಿದ ಸುಳ್ಳು. ಅದು ಏನೇನು ಮಾಡಿತು ಕೇಳಿ. ಮಾತ್ರೆ ತಪ್ಪಿಲ್ಲ ಅಂದಮೇಲೆ ತಪ್ಪು ಊಟದ್ದು ಎಂದು ನೆಂಟರು ತೀರ್ಮಾನಿಸಿದರು. "ಉಪ್ಪು ತಿನ್ನಿಸಿ ತಿನ್ನಿಸಿ ಮಲಗ್ಸಿಬಿಟ್ಲು." ಅತ್ತೆಯ ಎದುರಿಗೇ. ಉಪ್ಪು ಕಡಿಮೆ ಮಾಡಬೇಕಿತ್ತು, ಸುಳ್ಳಲ್ಲ. ಆದರೆ ಆ ಉಪ್ಪಿನಕಾಯಿಯನ್ನು ಚಪ್ಪರಿಸಿಕೊಂಡು ತಿಂದವರೇ ಹಾಗೆ ಮಾತಾಡಿದರು! ಅತ್ತೆ ಜಾಡಿಯನ್ನು ಕಸದ ಗಾಡಿಗೆ ಸುರಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಜಾಡಿ ತೊಳೆದುಕೊಟ್ಟೆ ಕೂಡ.

ಮಾವನಿಗೆ ಈಗ ಎಲ್ಲವೂ ಅರ್ಥವಾಗುತ್ತದೆ, ಬಾಯಲ್ಲಿ ಮಾತ್ರ ಒಂದೇ ಮಾತು ಉಳಿದಿದೆ — 'ಸಾಕು'. ನೀರು ಬೇಕಾದರೂ ಸಾಕು, ಸಿಟ್ಟಾದರೂ ಸಾಕು, ಟಿವಿ ಹಾಕು ಅನ್ನುವುದೂ ಸಾಕು. ಬಂದವರು ಕಿವುಡನ ಹತ್ತಿರ ಕೂಗುವ ಹಾಗೆ ಕೂಗುತ್ತಾರೆ, ಮಗುವಿನ ಹತ್ತಿರ ಆಡುವ ಹಾಗೆ ಆಡುತ್ತಾರೆ. ನನಗೆ ಮೈ ಉರಿಯುತ್ತದೆ. ಮರುಕ್ಷಣ, ನನಗೆ ಉರಿಯುವ ಹಕ್ಕೇನಿದೆ ಅನ್ನಿಸುತ್ತದೆ. ಆ ಮಾತನ್ನು ಅವನಿಗೆ ಕೊಟ್ಟವಳು — ಬೇಡ, ಅದನ್ನು ನಾನು ಮುಗಿಸಲಾರೆ.

ಇಷ್ಟು ದಿನ ಬಚ್ಚಿಟ್ಟವಳು ಈಗ ಯಾಕೆ ಬರೆಯುತ್ತಿದ್ದೇನೆ? ಕಳೆದ ಭಾನುವಾರ ಕೆ.ಆರ್. ಪುರದಿಂದ ಮಾವನ ತಮ್ಮ ಶಂಕರ ಚಿಕ್ಕಮಾವ ಬಂದಿದ್ದ. ಅವನಿಗೂ ಬಿಪಿ. ಊಟಕ್ಕೆ ಕೂತು ಆರಾಮಾಗಿ ಹೇಳಿದ, "ನಾನು ಮಾತ್ರೆ ಬಿಟ್ಬಿಟ್ಟೆ ಅತ್ಗೆ. ಅಣ್ಣ ದಿನಾ ನುಂಗಿದ್ರೂ ಆಯ್ತಲ್ಲ? ನುಂಗಿ ಏನ್ ಪ್ರಯೋಜನ?"

ನನ್ನ ಸುಳ್ಳು ಇನ್ನೊಬ್ಬನನ್ನು ಹುಡುಕಿಕೊಂಡು ಹೊರಟಿತ್ತು.

"ಮಾವ ನುಂಗ್ತಿರ್ಲಿಲ್ಲ ಚಿಕ್ಕಮಾವ," ಅಂದೆ. "ನಾನೇ ಬಿಡ್ಸಿದ್ದು. ಅತ್ತೆಗೆ ಗೊತ್ತಿಲ್ಲ. ಡಾಕ್ಟರ್ ಹತ್ರಾನೂ ನಾನು ಸುಳ್ಳು ಹೇಳ್ದೆ."

ಚಿಕ್ಕಮಾವನ ಕೈಯಲ್ಲಿ ಮುದ್ದೆ ಹಾಗೇ ಇತ್ತು. ಅತ್ತೆ ಸಾರಿನ ಪಾತ್ರೆ ಕೆಳಗಿಟ್ಟಳು. ಬಯ್ಯಲಿ, ಹೊಡೆಯಲಿ ಅಂತ ಕಾದೆ. ಅವಳು ಕೇಳಿದ್ದು ಇಷ್ಟೇ:

"ನಾನ್ ಮೂರ್ ವರ್ಷದಿಂದ ಉಪ್ಪಿಲ್ದೆ ಉಣ್ತಿದೀನಿ. ನೋಡ್ತಿದ್ದೆ ಅಲ್ವೇನೇ ನೀನು?"

ನೋಡುತ್ತಿದ್ದೆ. ಅದು ಅವಳು ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆ ಅಂತಲೂ ಗೊತ್ತಿತ್ತು. ಅವಳು ಎದ್ದು ಒಳಗೆ ಹೋದಳು. ಇವತ್ತಿನವರೆಗೂ ನನ್ನ ಜೊತೆ ಮಾತಿಲ್ಲ. ಆಡಬೇಕು ಅಂತ ಕೇಳುವುದೂ ಇಲ್ಲ ನಾನು.

ಗೋಡೆಗೊರಗಿ ಕೂತಿದ್ದ ಮಾವ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದ. "ಸಾಕು," ಅಂದ.

ಅಳಬೇಡ ಅಂದನೋ, ಎದ್ದು ಹೋಗು ಅಂದನೋ ತಿಳಿಯಲಿಲ್ಲ. ಕ್ಷಮಿಸಿದ ಅಂತ ಎಣಿಸುವ ಧೈರ್ಯ ನನಗಿಲ್ಲ. ಆದರೆ ಆ ಮಾತಿನ ಅರ್ಥ ಅವನೇ ಒಂದು ದಿನ ಕಲಿಸಿದ್ದ — ಇನ್ನೊಂದು ತೋರ್ಸು. ಅದಕ್ಕೇ ನನ್ನ ತಪ್ಪನ್ನು ನಿಮ್ಮ ಮುಂದೆಯೂ ತೋರಿಸುತ್ತಿದ್ದೇನೆ. ಬೆಳ್ಳುಳ್ಳಿ, ನುಗ್ಗೆಸೊಪ್ಪಿನ ಆ ಹಳೆಯ ಪೋಸ್ಟ್‌ಗಳನ್ನು ಅಳಿಸಿದ್ದೇನೆ. ಓದಿ ಮಾತ್ರೆ ಬಿಟ್ಟವರಿದ್ದರೆ ದಯವಿಟ್ಟು ಡಾಕ್ಟರ ಹತ್ತಿರ ಹೋಗಿ, ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ. ಚಿಕ್ಕಮಾವನನ್ನು ನಾನೇ ಕರೆದುಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಬೈದ, ಆದರೆ ಬಂದ.

ನಿಮ್ಮ ಮನೆಯಲ್ಲೂ ಲಕ್ವ ಹೊಡೆದವರಿದ್ದಾರಾ? ಆ ದಿನ ಯಾರು ಸೋಡಾ ಅಂದರು, ಯಾರು ಆಟೋ ಅಂದರು? ತಪ್ಪು ಯಾರ ತಲೆಗೆ ಬಂತು? ಕೆಳಗೆ ಬರೆಯಿರಿ. ನನಗೆ ಬೈಯುವುದಿದ್ದರೂ ಬರೆಯಿರಿ — ಅಳಿಸುವುದಿಲ್ಲ.