ಕೊನೆಗೆ ಬಂದವರಿಗೇ ಗೆಲುವು

ಸ್ಪೋಕ್ ಮಾಮನ ಅಂಗಡಿಗೆ ಬಂದ ಸೈಕಲ್ ವಾಪಸು ಹೋಗುವಾಗ ಸದ್ದು ಮಾಡುವಂತಿಲ್ಲ. ಬರೀ ಪಂಕ್ಚರ್ ಹಾಕಿಸಲು ಬಂದರೂ ಸರಿ, ಚೈನಿಗೆ ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ, ಕಿವಿಗೊಟ್ಟು ಕೇಳಿದ ಮೇಲೆಯೇ ಅವರು ಕೈಬಿಡುವುದು. ಆ ಭಾನುವಾರ ಅವರನ್ನು ಪೇಚಿಗೆ ಸಿಕ್ಕಿಸಿದ್ದೂ ಇದೇ ಅಭ್ಯಾಸ.

ಅಂದು ಬೀದಿಯಲ್ಲಿ ನಿಧಾನ ಸೈಕಲ್ ಸ್ಪರ್ಧೆ. ನಿಯಮ ಮಾಡಿದವಳು ಅವರ ಕಿರಿಮಗಳು. ಲಕ್ಷಕ್ಕೊಬ್ಬರಿಗೆ ಬರುವ ರಕ್ತದ ಕಾಯಿಲೆ ಅವಳಿಗಿತ್ತು. ನಾಲ್ಕು ಸಲ ಪೆಡಲ್ ತುಳಿದರೆ ಏದುಸಿರು. ಅಕ್ಕನೆದುರು ಸೋತು ಸೋತು ಸಾಕಾಗಿ ಒಮ್ಮೆ ಕೂಗಿದ್ದಳು: “ಇವತ್ತಿಂದ ಕೊನೇಲಿ ಬಂದೋರೇ ಗೆದ್ದ ಹಾಗೆ! ಬ್ರೇಕ್ ಹಿಡಿಯಂಗಿಲ್ಲ, ಕಾಲು ಊರಂಗಿಲ್ಲ!” ಆಮೇಲೆ ಅವಳು ಸೋಲಲೇ ಇಲ್ಲ. ತನಗೆ ತಾನೇ ಆಮೆರಾಣಿ ಎಂದು ಹೆಸರಿಟ್ಟುಕೊಂಡಳು. ಒಂಬತ್ತು ತುಂಬುವ ಮೊದಲೇ ಹೋಗಿಬಿಟ್ಟಳು.

ಅವಳಿಗೆ ಚಿಕಿತ್ಸೆ ಕೊಟ್ಟ ವೈದ್ಯೆ ಈಗ ಅದೇ ಕಾಯಿಲೆಯ ಸಂಶೋಧನೆಯಲ್ಲಿದ್ದಾರೆ. ಎಲ್ಲೆಲ್ಲಿಂದಲೋ ಬರುವ ಮಕ್ಕಳ ರಕ್ತದ ಮಾದರಿಗಳನ್ನು ಕೆಡದಂತೆ ಇಡಲು ಅವರಿಗೊಂದು ದೊಡ್ಡ ಫ್ರೀಜರ್ ಬೇಕು. ಅದಕ್ಕಾಗಿ ಹಣ ಕೂಡಿಸುತ್ತ ಬಂದ ಕುಟುಂಬಕ್ಕೆ ಇನ್ನು ಬೇಕಿದ್ದ ಹಣ ಈ ಸ್ಪರ್ಧೆಯಿಂದಲೇ ಬರಬೇಕಿತ್ತು. ಬೇಕರಿಯಿಂದ ಬಸ್ ನಿಲ್ದಾಣದವರೆಗೆ ಮೂರು ಸುತ್ತು. ಪ್ರತಿ ಸುತ್ತಿನಲ್ಲೂ ಕೊನೆಯ ಸೈಕಲ್ ಗೆರೆ ದಾಟುವ ತನಕ ಗಡಿಯಾರ ಓಡುತ್ತದೆ. ನಿಮಿಷಕ್ಕೆ ಇಷ್ಟೆಂದು ಬೀದಿಯ ಅಂಗಡಿಯವರು ಕೊಡುತ್ತಾರೆ. ಒಟ್ಟು ಹದಿನೈದು ನಿಮಿಷವಾದರೆ ಫ್ರೀಜರ್ ಬಂದ ಹಾಗೆ.

ಸೀಟಿ ಊದಿದ್ದೇ ತಡ, ಸೈಕಲ್‌ಗಳು ನೀರಿನಂತೆ ಹರಿದು ಹೋದವು. “ತುಳಿಯೋಕೆ ಮುಂಚೇನೇ ಓಡುತ್ತಲ್ಲ ಮಾರಾಯ್ರೇ ಇದು!” ಎಂದು ಬೇಕರಿಯವರು ಕೂಗಿಕೊಂಡೇ ಗೆರೆ ದಾಟಿದರು.

ಸ್ಪೋಕ್ ಮಾಮನ ಹೆಂಡತಿ, ಶಾಲೆಯ ಸಮವಸ್ತ್ರ ಹೊಲಿಯುವವರು, ಗಂಡನತ್ತ ತಿರುಗಿದರು. “ರೀ, ನಿನ್ನೆ ಇವೆಲ್ಲ ನಮ್ಮ ಅಂಗಡೀಲೇ ಇದ್ವಲ್ಲ?”

“ಇದ್ವು.”

“ಎಣ್ಣೆ ಹಾಕಿದ್ರಾ?”

“ಸುಮ್ನೆ... ಒಂಚೂರು. ಗಾಳೀನೂ ತುಂಬಿದೆ.”

“ನಿಮ್ಮ ಕೈಗೊಂದು ಬೀಗ ಹಾಕ್ಬೇಕಿತ್ತು!”

ಗಾಳಿ ಇಳಿಸಿ ಎರಡನೇ ಸುತ್ತು ಬಿಟ್ಟರು. ಮೂವರು ವಾಲಿ ಬಿದ್ದರು, ಮಿಕ್ಕವರು ಜಾರಿಕೊಂಡು ಹೋದರು. ಎರಡೂ ಸೇರಿ ಎಂಟೇ ನಿಮಿಷ. ಇನ್ನೂ ಏಳು ಬೇಕು, ಉಳಿದದ್ದು ಒಂದೇ ಸುತ್ತು.

ಹೆಂಡತಿ ಒಳಗೆ ಹೋಗಿ ಗೋಡೆಯ ಕೊಕ್ಕೆಯಿಂದ ಆಮೆರಾಣಿಯ ಸೈಕಲ್ ಇಳಿಸಿ ತಂದರು. ಆ ಅಂಗಡಿಯಲ್ಲಿ ಸ್ಪೋಕ್ ಮಾಮ ಮುಟ್ಟದೆ ಬಿಟ್ಟಿದ್ದ ಸೈಕಲ್ ಅದೊಂದೇ.

“ಅದು ಬೇಡ ಕಣೇ. ಚೈನ್ ತುಕ್ಕು ಹಿಡಿದಿದೆ.”

“ಅದಕ್ಕೇ ಬೇಕು.”

ಅವರ ಕೈ ತಾನಾಗಿ ಎಣ್ಣೆ ಡಬ್ಬಿಯತ್ತ ಹೋಯಿತು. ಹಿರಿಮಗಳು ಕಸಿದುಕೊಂಡಳು: “ಅಪ್ಪಾ, ಕೊಡಿ ಇಲ್ಲಿ!”

ಮಂಡಿ ಗಲ್ಲಕ್ಕೆ ತಾಗುವಂತೆ ಕೂತು ಅಮ್ಮ ಹೊರಟರು. ಕಿರ್‍ರ್... ಕಿರ್‍ರ್... ಜೋರಾಗಿ ತುಳಿದರೂ ಸೈಕಲ್ ಗೇಣು ಗೇಣೇ ಸರಿಯುತ್ತಿತ್ತು. “ನಿಧಾನ! ನಿಧಾನ!” ಎಂದು ಬೀದಿಗೆ ಬೀದಿಯೇ ಗಂಟಲು ಹರಿಯುವಂತೆ ಅರಚಿತು. ಕ್ಷೌರದಂಗಡಿಯವರು ಹಿಂದಿಕ್ಕುತ್ತ ಕೇಳಿದರು, “ಅಕ್ಕಾ, ಊಟದ ಹೊತ್ತಿಗಾದ್ರೂ ಬರ್ತೀರಾ?”

“ನೀವು ಉಂಡು ಮಲಗಿ!”

ಉಳಿದವರೆಲ್ಲ ಗೆರೆ ದಾಟಿ ಹಿಂತಿರುಗಿ ನಿಂತರು. ಸ್ಪೋಕ್ ಮಾಮ ಚೈನಿನ ಕಡೆ ಕಿವಿ ಬಾಗಿಸಿ ಪಕ್ಕದಲ್ಲೇ ನಡೆದರು. ಗೆರೆ ಮಾರು ದೂರವಿದ್ದಾಗ ಹ್ಯಾಂಡಲ್ ಹೊರಳಿತು. “ಅಮ್ಮಾ, ಕಾಲು!” ಊರಲಿಲ್ಲ. ತುಕ್ಕು ಕಚ್ಚಿಕೊಂಡ ಚೈನ್ ಸೈಕಲನ್ನು ಒಂದು ಕ್ಷಣ ಹಾಗೇ ಹಿಡಿದು ನಿಲ್ಲಿಸಿತು.

“ಏಳಾಯ್ತು!” ಹಿರಿಮಗಳು ಗಡಿಯಾರ ಎತ್ತಿ ಹಿಡಿದು ಕುಣಿದಳು. ಗೆರೆಯ ಬಳಿ ನಿಂತು ನೋಡುತ್ತಿದ್ದ ವೈದ್ಯೆ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು. ಆಮೇಲೆಯೇ ಚಕ್ರ ಗೆರೆ ಮುಟ್ಟಿದ್ದು.

“ಕೊನೇಲಿ ಬಂದೆ ರೀ!” ಎನ್ನುತ್ತ ಹೆಂಡತಿ ಸೈಕಲ್ ಸಮೇತ ಗಂಡನ ಮೇಲೆ ಬಿದ್ದರು. ವೈದ್ಯೆ ಅಲ್ಲೇ ನಿಂತು ಫೋನ್ ತೆಗೆದರು: “ಹೌದು, ದೊಡ್ಡದೇ. ನಾಳೇನೇ ಕಳಿಸಿ.”

ಬೇಕರಿಯವರು ತಮ್ಮ ಸೈಕಲ್ ತಳ್ಳಿಕೊಂಡು ಬಂದರು. “ಮಾಮ, ಮುಂದಿನ ಸಲಕ್ಕೆ ಇದಕ್ಕೂ ಸ್ವಲ್ಪ ತುಕ್ಕು ಹಿಡಿಸಿ ಕೊಡಿ.”

“ನನ್ನ ಅಂಗಡೀಲಿ ತುಕ್ಕಾ?” ಎಂದರು ಸ್ಪೋಕ್ ಮಾಮ, ಮಗಳ ಸೈಕಲನ್ನು ಒರೆಸದೆ, ಎಣ್ಣೆ ಹಾಕದೆ ಮತ್ತೆ ಕೊಕ್ಕೆಗೆ ಏರಿಸುತ್ತ.