ನೆಗ್ಗು ಬೀಳುವ ಕಾರು

ಇವತ್ತು ಬೆಳಿಗ್ಗೆ ಹಳೆಯ ಎಲ್ ಬೋರ್ಡನ್ನು ಒರೆಸುತ್ತ ಕೂತಿದ್ದಾಗ ಆರಿದ್ದ ಕೋಪ ಮತ್ತೆ ಹೊತ್ತಿಕೊಂಡಿತು. ಅಂಗೈ ಅಗಲದ ತಗಡು, ಅದರ ಮೇಲೆ ಕೆಂಪು ಬಣ್ಣದಲ್ಲಿ ಕೈಯಿಂದ ಬರೆದ ಒಂದೇ ಅಕ್ಷರ, ಹಿಂದುಗಡೆ ಯಾವುದೋ ಕಾಲದ ರೇಡಿಯೋ ಸ್ಪೀಕರಿನಿಂದ ಕಿತ್ತು ಅಂಟಿಸಿದ ದಪ್ಪ ಅಯಸ್ಕಾಂತ. ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಇನ್ನೂ ಕಪ್ಪಗಿರುವುದು ಇದರಿಂದಲೇ. ಶಿವಾಜಿನಗರದ ಗ್ಯಾರೇಜೊಂದರಲ್ಲಿ ಇದನ್ನು ಹೊಳೆಯುವ ಹೊಸ ಬಾನೆಟ್ಟಿನ ಮೇಲಿಟ್ಟು ಕೈ ಬಿಟ್ಟಿದ್ದೆ. ಜಾರಿ ನೇರ ನನ್ನ ಕಾಲ ಮೇಲೆ ಬಿತ್ತು. ಫೈಬರ್‌ಗ್ಲಾಸಿಗೆ ಅಯಸ್ಕಾಂತ ಅಂಟುವುದಿಲ್ಲ ಎನ್ನುವುದು ಶಾಲೆಗೆ ಹೋದವರಿಗೆಲ್ಲ ಗೊತ್ತಿರುತ್ತದೆ. ನಾನೂ ಹೋಗಿದ್ದೆ.

"ಬಿಡಿ ಮೇಡಂ, ಸ್ಟಿಕ್ಕರ್ ಹಾಕ್ಕೊಡ್ತೀನಿ," ಎಂದ ಗ್ಯಾರೇಜಿನವನು. ಸ್ಟಿಕ್ಕರಂತೆ! ಕಾಲಿನ ನೋವಿಗಿಂತ ಆ ಮಾತಿಗೆ ನನ್ನ ಮೈ ಹೆಚ್ಚು ಉರಿಯಿತು.

ಕಾರು ನನ್ನ ಸೋದರತ್ತೆ ವಿಮಲತ್ತೆಯದು. ಕೆನೆ ಬಣ್ಣ, ಗುಂಡು ಮುಖ, ಸ್ಟೀರಿಂಗಿನ ಬುಡದಲ್ಲೇ ಗೇರು. ಜೋಗುಪಾಳ್ಯದ ಮನೆಯ ಕಾಂಪೌಂಡಿನಲ್ಲಿ ವರ್ಷಗಟ್ಟಲೆ ಮಳೆ ಬಿಸಿಲು ತಿಂದು ಅದರ ಬಾನೆಟ್ಟೂ ಮುಂದಿನ ಮಡ್‌ಗಾರ್ಡುಗಳೂ ತುಕ್ಕು ಹಿಡಿದು ಜರಡಿಯಾಗಿದ್ದವು. ಒಂದು ದಿನ ಅತ್ತೆ ಇದ್ದಕ್ಕಿದ್ದಂತೆ, "ಕಾರು ರಿಪೇರಿ ಮಾಡ್ಸಿ, ಬೇಗ," ಎಂದರು. ಯಾಕೆ ಎಂದು ಕೇಳುವ ಬುದ್ಧಿ ನಮಗೆ ಯಾರಿಗೂ ಬರಲಿಲ್ಲ. ನಾನೂ ಅವರ ಮಗ ಪ್ರಕಾಶನೂ ನೇರ ಜಗಳಕ್ಕೇ ಇಳಿದೆವು.

ಪ್ರಕಾಶನಿಗೆ ಫೈಬರ್ ಬೇಕು. ತೂಕವಿಲ್ಲ, ತುಕ್ಕು ಹಿಡಿಯುವುದಿಲ್ಲ, ಅಚ್ಚಿನಿಂದ ತೆಗೆದ ಇಡ್ಲಿಯ ಹಾಗೆ ನುಣ್ಣಗಿರುತ್ತದೆ. "ಪೇಂಟ್ ಬಿದ್ಮೇಲೆ ಫೈಬರ್ರೋ ತಗಡೋ ಯಾರಿಗೆ ಗೊತ್ತಾಗತ್ತೇ?" ಎನ್ನುತ್ತಿದ್ದ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಅವನ ಸ್ನೇಹಿತನದೊಂದು ರೆಸ್ಟೋರೆಂಟ್ ಇದೆ. ಯಾರೋ ಬಾಳಿ ಬದುಕಿದ ಬಂಗಲೆಯ ಗೋಡೆ ಒಡೆದು ಮಾಡಿದ್ದು. ಅದರ ಬಾಗಿಲಲ್ಲಿ ಕಾರನ್ನು ನಿಲ್ಲಿಸುವುದಂತೆ, ಬಂದವರು ಒರಗಿಕೊಂಡು ಫೋಟೋ ತೆಗೆಸಿಕೊಳ್ಳುವುದಂತೆ. ಓಡುವ ಕಾರನ್ನು ಮದುವೆ ಮನೆಯ ಬಾಳೆಕಂಬ ಮಾಡುತ್ತೀಯೇನೋ ಎಂದು ಕೂಗಾಡಿದೆ.

ನನಗೆ ತಗಡೇ ಆಗಬೇಕಿತ್ತು. ಅದೂ ಅದೇ ಕಾಲದ, ಅದೇ ಮಾದರಿಯ ಇನ್ನೊಂದು ಕಾರಿನಿಂದ ಬಿಚ್ಚಿದ ತಗಡು. ಒರಿಜಿನಲ್, ಒರಿಜಿನಲ್ ಎಂದು ನಾನು ಎಷ್ಟು ಜಪಿಸಿದೆನೆಂದರೆ ನನ್ನ ಗಂಡ ಊಟಕ್ಕೆ ಕೂತಾಗ, "ಈ ಸಾರು ಒರಿಜಿನಲ್ಲಾ?" ಎಂದು ಕೇಳತೊಡಗಿದ. ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಕೆ.ಆರ್. ಪುರದ ಆಚೆ ಒಂದು ಶೆಡ್ಡಿನಲ್ಲಿ ಅಂಥ ಬಾನೆಟ್ಟನ್ನೂ ಮಡ್‌ಗಾರ್ಡುಗಳನ್ನೂ ಹುಡುಕಿಟ್ಟುಕೊಂಡೆ. ಗೆದ್ದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಪ್ರಕಾಶ ನನಗೆ ಹೇಳದೆ ಶಿವಾಜಿನಗರದ ಆ ಗ್ಯಾರೇಜಿನಲ್ಲಿ ಫೈಬರ್ ಬಾನೆಟ್ ಮಾಡಿಸಿಟ್ಟಿದ್ದ.

ಇಷ್ಟೊಂದು ಹಟ ಯಾಕೆ ಎನ್ನುತ್ತೀರಾ? ಹೇಳುತ್ತೇನೆ, ಕೇಳಿ. ಅತ್ತೆ ಸರ್ಕಾರಿ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದರು. ನಮ್ಮ ಸಾಲಿನಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ಅವರೇ. ತಾವು ಕಲಿತದ್ದು ಸಾಲದೆಂದು ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕೂರಿಸಿಕೊಂಡು ಹಲಸೂರು ಕೆರೆಯ ಕಡೆಗೆ ಹೊರಡುತ್ತಿದ್ದರು. ಬಾನೆಟ್ಟಿಗೆ ಈ ಬೋರ್ಡು ಕಚ್ಚಿಕೊಂಡಿರುತ್ತಿತ್ತು. ಕಲಿಯುವವರ ಕಾರು ಅಂದಮೇಲೆ ನೆಗ್ಗುವುದು ಇದ್ದದ್ದೇ. ಸ್ಟೆಲ್ಲಾ ಆಂಟಿ ದೀಪದ ಕಂಬಕ್ಕೆ ಗುದ್ದಿದರು. ನಸೀಮಾ ಆಂಟಿ ಎಳನೀರಿನ ಗಾಡಿಗೆ. ನಾನು ನಮ್ಮದೇ ಗೇಟಿಗೆ, ಅದೂ ಗೇಟು ತೆರೆದಿದ್ದಾಗ.

ಅತ್ತೆ ಬೈಯುತ್ತಿರಲಿಲ್ಲ. ಅವರದೊಂದು ಕಟ್ಟಳೆ ಇತ್ತು. ಗುದ್ದಿದವಳಿಗೆ ಲೈಸೆನ್ಸು ಬರುವ ತನಕ ಆ ನೆಗ್ಗನ್ನು ಮುಟ್ಟಕೂಡದು. ಕಾರಿನ ಮೈಮೇಲೆ ಅದು ಅವಳ ಹೆಸರಿನಲ್ಲೇ ಇರಬೇಕು. ಲೈಸೆನ್ಸು ಬಂದ ದಿನ ಅವಳನ್ನೇ ಹಲಸೂರಿನ ಟಿಂಕರಿಂಗ್ ಶೆಡ್ಡಿಗೆ ಕರೆದೊಯ್ಯುತ್ತಿದ್ದರು. ನೆಗ್ಗಿಗೆ ಒಳಗಡೆಯಿಂದ ಮರದ ಸುತ್ತಿಗೆಯ ಮೊದಲ ಏಟು ಅವಳದೇ. ಆಮೇಲೆ ಎಲ್ಲರಿಗೂ ಜಿಲೇಬಿ. ನನ್ನ ಸರದಿಯಲ್ಲಿ ಸುತ್ತಿಗೆಯನ್ನು ಮೆಲ್ಲಗೆ ತಾಗಿಸಿದಾಗ ಶೆಡ್ಡಿನ ಭಾಯ್, "ಜೋರಾಗಿ ಹೊಡಿಯಮ್ಮಾ, ಲೋಹಾ ಇದು, ಅಳಲ್ಲ," ಎಂದಿದ್ದ. ನಾನು ಮಾತ್ರ ಅತ್ತಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ವಿಷಯ ಹೊಳೆಯಲಿಲ್ಲ ನೋಡಿ. ಬೋರ್ಡು ಕಾಲ ಮೇಲೆ ಬಿದ್ದ ದಿನ ಸಂಜೆ ಅತ್ತೆಯ ಮನೆಯಲ್ಲಿ ನಾನೂ ಪ್ರಕಾಶನೂ ಕೋಳಿಜಗಳ ಆಡುತ್ತಿದ್ದೆವು. ಅವನ ಹೆಂಡತಿ ಸುಮಾ ಕಾಫಿ ತಂದಿಟ್ಟು ಗೋಡೆಗೆ ಒರಗಿ ನಿಂತಿದ್ದಳು. ಅತ್ತೆ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಲೋಟ ಕುಕ್ಕಿದರು.

"ಪ್ರಕಾಶ, ನಿನ್ನ ಫೈಬರ್‌ಗೆ ಗುದ್ದಿದ್ರೆ ಏನಾಗತ್ತೆ?"

"ಕ್ರ್ಯಾಕ್ ಬಿಡತ್ತಮ್ಮ. ಅದಕ್ಕೇ ಓಡಿಸೋದು ಬೇಡ, ನಿಲ್ಸೋಣ ಅಂತಿರೋದು."

"ಹೋದ ವರ್ಷ ಸುಮಾ ಡ್ರೈವಿಂಗ್ ಕ್ಲಾಸಿಗೆ ಹೋದ್ಳು. ನಿನ್ನ ಕಾರಿಗೆ ಒಂದು ಗೀರು ಬಿತ್ತು. ಒಂದೇ ಒಂದು ಗೀರು ಕಣೋ! ನೀನು ಅವಳ ಕೈಯಿಂದ ಕೀ ಕಿತ್ಕೊಂಡೆ. ಈ ಟ್ರಾಫಿಕ್ಕಲ್ಲಿ ನಿಂಗ್ಯಾಕೆ ಅಂದೆ. ಅವತ್ತಿಂದ ಅವಳು ಸ್ಟೀರಿಂಗ್ ಮುಟ್ಟಿಲ್ಲ. ನನ್ನ ಹೊಟ್ಟೇಲಿ ಹುಟ್ಟಿ ನೀನು ಹೀಗೆ ಮಾಡಿದ್ಯಲ್ಲ, ನಾಚಿಕೆ ಆಗಲ್ವಾ? ಅವಳಿಗೆ ಕಲಿಸೋಕೇ ನಾನು ಕಾರು ರಿಪೇರಿ ಮಾಡ್ಸಿ ಅಂದಿದ್ದು. ನಂಗೆ ನೆಗ್ಗೋ ಕಾರು ಬೇಕು."

ನಾನು ಹಿಗ್ಗಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಇತ್ತ ತಿರುಗಿದರು.

"ನೀನೇನು ಹಲ್ಲು ಕಿರೀತೀಯ? ಅವನಿಗೆ ಹೊಳೀಬೇಕು, ನಿಂಗೆ ಹಳೇದಾಗಿರ್ಬೇಕು. ಓಡ್ಸೋದು ಯಾರು ಅಂತ ನೀನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಗುಜರಿಯಲ್ಲಿ ತಗಡು ಬಡಿದು ಬಡಿದು ಪರೀಕ್ಷಿಸಿದವಳು, ಗೋಡೆಗೆ ಒರಗಿ ನಿಂತಿದ್ದ ಸುಮಾಳ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಅವಳು ನೆಲ ನೋಡುತ್ತಿದ್ದಳು. ಪ್ರಕಾಶನ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೇ ತಿರುಗಿತು. ಉಳಿದರ್ಧ ಅವನ ಮೇಲೆ ಇವತ್ತಿಗೂ ಹಾಗೇ ಇದೆ.

ಕೆ.ಆರ್. ಪುರದ ತಗಡುಗಳೇ ಕಾರಿಗೆ ಕೂತವು. ಬಾನೆಟ್ಟಿನ ಕೆನೆ ಬಣ್ಣ ಬಾಗಿಲಿನದಕ್ಕಿಂತ ಒಂದು ಪಾಲು ಗಾಢವಾಯಿತು. ನಾನು ತುಟಿ ಬಿಚ್ಚಲಿಲ್ಲ. ಇವತ್ತು ಬೆಳಿಗ್ಗೆ ಒರೆಸಿ ತಂದ ಬೋರ್ಡನ್ನು ಬಾನೆಟ್ಟಿನ ಹತ್ತಿರ ಹಿಡಿದೆ. ನನ್ನ ಕೈಯಿಂದ ಕಿತ್ತುಕೊಂಡ ಹಾಗೆ ಠಪ್ಪೆಂದು ಕಚ್ಚಿಕೊಂಡಿತು.

ಸುಮಾ ಸ್ಟೀರಿಂಗಿನ ಹಿಂದೆ ಕೂತಳು, ಅತ್ತೆ ಮಂಡಿನೋವನ್ನು ಬೈಯುತ್ತ ಪಕ್ಕದಲ್ಲಿ. ಪ್ರಕಾಶ ಗೇಟಿನ ಹತ್ತಿರ ಕೈ ಕಟ್ಟಿ ನಿಂತಿದ್ದ. ಕಾರು ಒಮ್ಮೆ ಗಕ್ಕೆಂದಿತು, ಎರಡು ಮಾರು ಮುಂದೆ ಹೋಯಿತು, ಎಡಗಡೆ ಮಡ್‌ಗಾರ್ಡನ್ನು ಗೇಟಿನ ಕಂಬಕ್ಕೆ ಕೊಟ್ಟು ನಿಂತಿತು. ಹೊಸ ಬಣ್ಣದ ನಡುವೆ ಬೋಗುಣಿಯಷ್ಟು ನೆಗ್ಗು.

ಪ್ರಕಾಶ ಬಾಯಿ ಕೂಡ ತೆರೆದಿರಲಿಲ್ಲ. ಅಷ್ಟರಲ್ಲಿ ಸುಮಾ ಕೀ ಕಿತ್ತು, ಕಿಟಕಿಯಿಂದ ಕೈ ಚಾಚಿ, ಅವನ ಕಡೆ ಹಿಡಿದಿದ್ದಳು. ಮುಖ ಮಾತ್ರ ಮುಂದಕ್ಕೇ ಇತ್ತು.

ಅವನು ಆ ಕೈಯನ್ನು ನೋಡಿದ. ಮುಖ ಕೆಂಪಾಯಿತು. ತೆಗೆದುಕೊಳ್ಳಲಿಲ್ಲ.

"ಅದು ನಿನ್ನ ನೆಗ್ಗು," ಎಂದರು ಅತ್ತೆ. "ಲೈಸೆನ್ಸ್ ಬರೋವರ್ಗೂ ಇರ್ಲಿ. ಕೀ ಹಾಕು."

ಪ್ರಕಾಶ ಹೋಗಿ ಗೇಟಿನ ಇನ್ನೊಂದು ಬಾಗಿಲನ್ನೂ ತೆರೆದ. ಸುಮಾ ಕೀ ತಿರುಗಿಸಿದಳು.