ಗಿಳಿಹಸಿರು ಲಂಗ

ಶಿರಸಿಯ ಹಳೇ ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ಹೆಂಗಸರು ಸೇರಿ ಚಿಂದಿಯಿಂದ ಕೈಚೀಲ ಹೊಲಿಯುತ್ತೇವೆ. ದರ್ಜಿಗಳು ಬಿಸಾಡಿದ ತುಂಡು ಬಟ್ಟೆ ಗೋಣಿಯಲ್ಲಿ ಬರುತ್ತದೆ. ಯಾವ ತುಂಡಿಗೆ ಯಾವುದು ಜೋಡಿ ಎಂದು ಹೇಳುವವಳು ಬನವಾಸಿ ಕಡೆಯ ಗುರುಶಾಂತವ್ವ. ಬಾಯಿ ಜೋರು. ಹೊಲಿಗೆ ಸೊಟ್ಟಗಾದರೆ "ಕಣ್ಣು ಮನ್ಯಾಗ ಇಟ್ಟು ಬಂದೀಯೇನವಾ?" ಎಂದು ಎಲ್ಲರೆದುರೇ ಕೇಳುವವಳು.

ಹೋದ ವರ್ಷ ಅವಳ ಮಗಳು ಶಿಲ್ಪಾ ಮಂಗನ ಕಾಯಿಲೆಯಲ್ಲಿ ತೀರಿಕೊಂಡಳು. ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಸತ್ತವರ ಬಟ್ಟೆ ಮನೆಯಲ್ಲಿರಬಾರದೆಂದು ಗುರುಶಾಂತವ್ವನ ಅತ್ತೆ ಸಾವಿತ್ರವ್ವ ಎಲ್ಲವನ್ನೂ ಗಂಟು ಕಟ್ಟಿಸಿ ಹೊಳೆಗೆ ಬಿಡಿಸಿದಳು. ಹೆತ್ತವಳಿಗೆ ಒಂದು ಕುಪ್ಪಸವನ್ನಾದರೂ ಉಳಿಸಬಾರದಿತ್ತೇ? ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಗುರುಶಾಂತವ್ವ ತಾನೇ ಹೊಲಿದುಕೊಟ್ಟಿದ್ದ ಗಿಳಿಹಸಿರು ಲಂಗವೊಂದನ್ನು ಮಾತ್ರ ಕದ್ದು ತಂದು ನಮ್ಮ ಗೋಣಿಯ ತಳದಲ್ಲಿ ಅಡಗಿಸಿಟ್ಟಳು. ಯಾರಿಗೂ ಹೇಳಲಿಲ್ಲ. ನಾವು ಊಟಕ್ಕೆ ಕೂತಾಗ ಅವಳು ಗೋಣಿಯೊಳಗೆ ಕೈಯಿಟ್ಟು ಸುಮ್ಮನೆ ಕೂತಿರುತ್ತಿದ್ದಳು. ಬಟ್ಟೆ ಆರಿಸುತ್ತಿದ್ದಾಳೆ ಎಂದುಕೊಂಡಿದ್ದೆವು.

ಮಗಳ ವರ್ಷದ ಕಾರ್ಯಕ್ಕೆಂದು ಅವಳು ರಜೆ ಹಾಕಿದಾಗಲೇ ಒಂದು ಮದುವೆಯ ತಾಂಬೂಲದ ಚೀಲಗಳ ಅವಸರ ಬಿತ್ತು. ನಮ್ಮ ಜೊತೆಯ ಕೋಲಸಿರ್ಸಿಯ ರೋಹಿಣಿ ಗೋಣಿಯನ್ನು ಬುಡಮೇಲು ಮಾಡಿ ಲಂಗವನ್ನು ಎತ್ತಿ ಹಿಡಿದಳು. "ಇಷ್ಟು ಚಂದದ್ದು ಯಾರು ಬಿಸಾಕಿದ್ರೇನ, ನೋಡ್ರೇ!" ನಮ್ಮಲ್ಲಿ ಗೋಣಿಗೆ ಬಿದ್ದದ್ದೆಲ್ಲ ಚಿಂದಿಯೇ. ಕತ್ತರಿ ಹಾಕಿಬಿಟ್ಟಳು.

ಮರಳಿ ಬಂದ ಗುರುಶಾಂತವ್ವ ಮೊದಲು ಗೋಣಿಗೆ ಕೈ ಹಾಕಿದಳು. ಆಮೇಲೆ ಅಟ್ಟಿ ಕಟ್ಟಿದ ಚೀಲಗಳನ್ನು ನೋಡಿದಳು. ಒಂದೊಂದರ ಮೇಲೂ ಹಸಿರು ಪಟ್ಟಿ.

"ಅದು ನಮ್ ಶಿಲ್ಪಾಂದು," ಎಂದಳು. ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ರೋಹಿಣಿ ಅಳತೊಡಗಿದಾಗ ಅವಳೇ ಸುಮ್ಮನಿರಿಸಿದಳು. "ಯಾರೂ ಬಾಯಿ ಬಿಡಬ್ಯಾಡ್ರಿ. ಮದುವಿ ಮನಿಗೆ ಗೊತ್ತಾದ್ರ ನಮ್ಮ ಕೆಲಸ ಮುಗದಂಗ. ಕೊಟ್ಟು ಕಳಸ್ರಿ."

ಚೀಲ ಒಯ್ಯಲು ಮದುಮಗಳ ತಂದೆ ದಿನಕರ ಹೆಗಡೆಯವರು ಬಂದರು. ಜೊತೆಗೆ ಮದುಮಗಳು ಗಗನಾ. ಶಿಲ್ಪಾಳದೇ ವಯಸ್ಸು, ಅದೇ ಸಣಕಲು ಕೈ. ಹಸಿರು ಹೆಚ್ಚಿದ್ದ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು, "ಅಪ್ಪಯ್ಯ, ಇದೊಂದು ಯಂಗೇ ಇರ್ಲಿ," ಎಂದು ಅದನ್ನು ತನಗಾಗಿ ಕೇಳಿ ನಕ್ಕಳು.

ಅತ್ತೆಯ ಶಾಸ್ತ್ರವನ್ನು ವರ್ಷವಿಡೀ ಶಪಿಸಿದ ಗುರುಶಾಂತವ್ವ, ಆ ಹುಡುಗಿಯ ಹೆಗಲ ಮೇಲೆ ಆ ಬಟ್ಟೆ ಕಂಡಾಗ ಹೆದರಿದಳು.

"ತಗೀ ಯವ್ವಾ, ತಗೀ. ಅದು ಸತ್ತ ಹುಡುಗಿ ಬಟ್ಟಿ. ನೀ ನೂರು ಕಾಲ ಬಾಳಬೇಕು."

ಗಗನಾ ಹಾವು ತುಳಿದವಳಂತೆ ಚೀಲ ಕೊಡವಿದಳು. "ಶುಭಕಾರ್ಯಕ್ಕೆ ಇಂಥದ್ದು ಕೊಡ್ತಾರೇನ್ರೀ?" ಎಂದು ದಿನಕರ ಹೆಗಡೆಯವರು ಕೇಳಿದರು. ಚೀಲ ಮುಟ್ಟದೆ ಹೋದರು. ಸುದ್ದಿ ಸಿದ್ದಾಪುರ, ಯಲ್ಲಾಪುರದವರೆಗೂ ಹರಡಿತು. ಮದುವೆ ಮುಂಜಿಯವರು ನಮ್ಮ ಕಡೆ ತಲೆಹಾಕುವುದನ್ನೇ ಬಿಟ್ಟರು. ಕೋಣೆ ಈ ತಿಂಗಳು ಮುಚ್ಚುತ್ತದೆ. ಗುರುಶಾಂತವ್ವನನ್ನು ದೂರಲು ನಮಗೆ ಮನಸ್ಸಾಗಲಿಲ್ಲ, ರೋಹಿಣಿಯನ್ನೂ.

ಕೆಲಸವಿಲ್ಲದ ಆ ದಿನಗಳಲ್ಲಿ ನಾವೆಲ್ಲ ಕೂತು ಹಸಿರು ಪಟ್ಟಿಗಳನ್ನು ಬಿಚ್ಚಿಕೊಟ್ಟೆವು. ಗುರುಶಾಂತವ್ವ ಅವನ್ನೆಲ್ಲ ಜೋಡಿಸಿ ಮತ್ತೆ ಲಂಗ ಹೊಲಿದಳು. ಕೂಡಿಸಿದಲ್ಲೆಲ್ಲ ಹೊಲಿಗೆ ಒಂದಿಷ್ಟು ಬಟ್ಟೆ ತಿನ್ನುತ್ತದೆ, ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮುಗಿಸಿ ತನ್ನ ಸೊಂಟಕ್ಕೆ ಹಿಡಿದು ನೋಡಿದಳು. ಮೊಣಕಾಲೂ ಮುಟ್ಟಲಿಲ್ಲ.

"ಕನ್ನಡ ಸಾಲಿಗೆ ಹಚ್ಚಿದಾಗ ಆಕಿ ಇಷ್ಟ ಇದ್ಲು," ಎಂದಳು.